ಒಂದೇ ಲಕೋಟೆಯಲ್ಲಿ ಎರಡು ಪತ್ರ

ಕೆಲವು ವರ್ಷಗಳ ಹಿಂದೆ, ಮೇ ತಿಂಗಳ ಒಂದು ಮಧ್ಯಾಹ್ನ, ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದಿಂದ ತಂದೆ ಮಗಳಿಬ್ಬರು ನನ್ನ ಮನೆಗೆ ಬಂದರು. ತಂದೆ ಅಲ್ಲಿಯ ಎಪಿಎಂಸಿ ಯಾರ್ಡಿನಲ್ಲಿ ಮೂವತ್ತು ವರ್ಷ ಮೂಟೆ ಹೊತ್ತ ಹಮಾಲಿ. ಪರಿಶಿಷ್ಟ ಜಾತಿಗೆ ಸೇರಿದ ಕುಟುಂಬ. ಮಗಳು ನಾನು ವಾಣಿಜ್ಯಶಾಸ್ತ್ರವನ್ನು ಬೋಧಿಸಿದ ಕಡೆಯ ತರಗತಿಗಳಲ್ಲಿ ಕುಳಿತಿದ್ದವಳು. ಹೈಸ್ಕೂಲಿನ ದಿನಗಳಿಂದಲೇ ಯಾರ್ಡಿನ ಹಮಾಲರೆಲ್ಲರ ಕೂಲಿಯ ಲೆಕ್ಕವನ್ನು ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತ, ಮಂಡಿಯವರು ಕೊಟ್ಟ ಚೀಟಿಗೂ ಕೈಗೆ ಬಂದ ಹಣಕ್ಕೂ ನಡುವಣ ಅಂತರವನ್ನು ಶನಿವಾರ ಶನಿವಾರ ತಾಳೆ ನೋಡುತ್ತ ಬೆಳೆದವಳು. ಬಿ.ಕಾಂ. ಮುಗಿಸಿ, ಎರಡು ವರ್ಷ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ದುಡಿದು, ರಾತ್ರಿಯ ವೇಳೆ ಓದಿ, ಕ್ಯಾಟ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಗಳಿಸಿ, ಸಂದರ್ಶನವನ್ನೂ ದಾಟಿ, ದೇಶದ ಹೆಸರಾಂತ ನಿರ್ವಹಣಾ ವಿದ್ಯಾಸಂಸ್ಥೆಯೊಂದರ ಪ್ರವೇಶಪತ್ರವನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಆಕೆ ತಂದಿದ್ದಳು. ಪತ್ರವನ್ನು ನಾನು ಓದಿ ಮುಗಿಸುವವರೆಗೂ ನೆಲವನ್ನೇ ನೋಡುತ್ತ ಕುಳಿತಿದ್ದ ಆ ತಂದೆ ಆಮೇಲೆ ಕೇಳಿದ ಮಾತು ಇದು: “ಸ್ವಾಮಿ, ಸೀಟು ಸಿಕ್ಕೈತೆ ಅಂತಾಳೆ. ದುಡ್ಡು ಕಟ್ಟಾಕೆ ಹನ್ನೊಂದು ದಿನ ಕೊಟ್ಟವ್ರಂತೆ. ಸರ್ಕಾರ ಕೊಡ್ತೈತೆ ಅಂತಾರಲ್ಲ, ಅದು ಹನ್ನೊಂದು ದಿನದಾಗೆ ಬತ್ತೈತಾ?”

ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ನಮ್ಮ ದೇಶದಲ್ಲಿ ಬಡವರ ಮಕ್ಕಳ ಉನ್ನತ ಶಿಕ್ಷಣಕ್ಕಾಗಿ ಎಷ್ಟು ಯೋಜನೆಗಳಿವೆ, ಎಷ್ಟು ಕೋಟಿ ವಿನಿಯೋಗವಾಗುತ್ತಿದೆ, ಎಷ್ಟು ನಿಯಮಗಳು ರಚಿತವಾಗಿವೆ ಎಂಬುದನ್ನೆಲ್ಲ ವಿವರಿಸಬಲ್ಲ ನಾನು ಆ ಒಂದು ಸರಳವಾದ ಪ್ರಶ್ನೆಗೆ ಹೌದು ಎಂದು ಉತ್ತರಿಸಲಾರದವನಾಗಿದ್ದೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೂ ಅದಕ್ಕಿಂತ ಹೆಚ್ಚಿನದೇನೂ ಅಲ್ಲ. ನಿರ್ವಹಣಾ ಶಿಕ್ಷಣದ ಶ್ರೇಷ್ಠ ಸಂಸ್ಥೆಗಳಲ್ಲಿ ಇದುವರೆಗೆ ಕಾಲಿಡದಿದ್ದ ಸಮುದಾಯಗಳ ಮಕ್ಕಳಿಗೆ ನಾವು ಕೊಡುವ ವಿದ್ಯಾರ್ಥಿವೇತನವು, ಅದರ ಮೊತ್ತ ಎಷ್ಟೇ ದೊಡ್ಡದಾಗಿದ್ದರೂ, ಶುಲ್ಕ ಕಟ್ಟುವ ದಿನಕ್ಕೆ ಮುಂಚೆ ಕೈಸೇರದಿದ್ದ ಪಕ್ಷದಲ್ಲಿ ಊಟಕ್ಕಿಲ್ಲದ ಉಪ್ಪಿನಕಾಯಿಯೇ ಸರಿ. ಪ್ರವೇಶದ ಪತ್ರವೂ ಹಣದ ಪತ್ರವೂ ಒಂದೇ ಲಕೋಟೆಯಲ್ಲಿ ಬರತಕ್ಕದ್ದು.

ಸ್ಥಿತಿಯನ್ನು ಸ್ವಲ್ಪ ವಿಚಾರಿಸೋಣ. ಕಲ್ಕತ್ತ ಮತ್ತು ಅಹಮದಾಬಾದುಗಳ ಐಐಎಂಗಳು 1961ರಲ್ಲಿಯೂ, ನಮ್ಮ ಬೆಂಗಳೂರಿನದು 1973ರಲ್ಲಿಯೂ ಸ್ಥಾಪಿತವಾದುವು. ಮೂರೂ ಸಾರ್ವಜನಿಕರ ಹಣದಿಂದ, ಸಾರ್ವಜನಿಕರ ನೆಲದ ಮೇಲೆ ಎದ್ದ ಸಂಸ್ಥೆಗಳು. ಇಂದು ಅಲ್ಲಿಯ ಎರಡು ವರ್ಷದ ವ್ಯಾಸಂಗಕ್ಕೆ ತಗಲುವ ಶುಲ್ಕ ಇಪ್ಪತ್ತು ಲಕ್ಷ ರೂಪಾಯಿಗಳನ್ನು ಮೀರಿದೆ. 2006ರ ಕೇಂದ್ರ ಶಾಸನದ ಪ್ರಕಾರ ಪರಿಶಿಷ್ಟ ಜಾತಿಗೆ ಶೇಕಡ 15, ಪರಿಶಿಷ್ಟ ಪಂಗಡಕ್ಕೆ ಶೇಕಡ 7.5, ಇತರ ಹಿಂದುಳಿದ ವರ್ಗಗಳಿಗೆ ಶೇಕಡ 27 ಸ್ಥಾನಗಳು ಮೀಸಲು. 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಶಾಸನವನ್ನು ಎತ್ತಿಹಿಡಿಯಿತು. ಬಾಗಿಲು ತೆರೆದದ್ದು ನಿಜ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಾಗಿ 2007ರಲ್ಲಿ ಆರಂಭವಾದ ಕೇಂದ್ರದ ಟಾಪ್ ಕ್ಲಾಸ್ ಯೋಜನೆಯೂ ಒಳ್ಳೆಯದೇ: ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ, ಗೊತ್ತುಪಡಿಸಿದ ಸಂಸ್ಥೆಗಳಲ್ಲಿ ಸರ್ಕಾರಿ ಸಂಸ್ಥೆಯ ಪೂರ್ಣ ಬೋಧನಾಶುಲ್ಕವನ್ನೂ, ಪುಸ್ತಕ, ಕಂಪ್ಯೂಟರು, ಜೀವನವೆಚ್ಚಗಳಿಗೆಂದು ಒಂದು ಮೊತ್ತವನ್ನೂ ಅದು ಕೊಡುತ್ತದೆ. ಆದರೆ ಪ್ರತಿಯೊಂದು ಸಂಸ್ಥೆಗೂ ಇಂತಿಷ್ಟೇ ಎಂಬ ಮಿತಿಯುಂಟು. ಅದರೊಳಗೆ ತನ್ನ ಹೆಸರಿದೆಯೋ ಇಲ್ಲವೋ ಎಂಬುದು ವಿದ್ಯಾರ್ಥಿಗೆ ತಿಳಿಯುವುದು ಸಂಸ್ಥೆಯನ್ನು ಸೇರಿದ ಮೇಲೆಯೇ ಹೊರತು ಸೇರುವ ಮುಂಚೆಯಲ್ಲ. 1944ರಿಂದ ನಡೆದುಬಂದಿರುವ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಕಥೆಯೂ ಇದೇ. ಅದರ ಆದಾಯಮಿತಿ ಎರಡೂವರೆ ಲಕ್ಷ, ಹಣ ಬರುವುದು ವರ್ಷದ ನಡುವೆಯೋ ಅಂತ್ಯದಲ್ಲಿಯೋ. ಮೊದಲು ಕಟ್ಟು, ಆಮೇಲೆ ಪಡೆ ಎಂಬ ಈ ಪದ್ಧತಿಯನ್ನು ರೂಪಿಸಿದವರು ಕಟ್ಟಲು ಇಲ್ಲದವನನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲವೆಂಬುದು ಸ್ಪಷ್ಟ.

ಹೀಗೆ ಹೇಳುವುದು ಉತ್ಪ್ರೇಕ್ಷೆಯೆಂದು ಯಾರಿಗಾದರೂ ತೋರಿದರೆ 2024ರ ಒಂದು ಪ್ರಕರಣವನ್ನು ಅವರು ನೆನೆಯಬೇಕು. ಉತ್ತರ ಪ್ರದೇಶದ ಮುಜಫ್ಫರನಗರ ಜಿಲ್ಲೆಯ ದಿನಗೂಲಿ ಕಾರ್ಮಿಕನೊಬ್ಬನ ಮಗನಿಗೆ ಧನಬಾದಿನ ಐಐಟಿಯಲ್ಲಿ ಸ್ಥಾನ ದೊರೆತಿತ್ತು. ಆ ದಲಿತ ಯುವಕ ಕಟ್ಟಬೇಕಾಗಿದ್ದುದು 17,500 ರೂಪಾಯಿ. ಗಡುವಿನ ಸಂಜೆ ಐದು ಗಂಟೆಯೊಳಗೆ ಆ ಹಣ ಸಲ್ಲಲಿಲ್ಲವೆಂದು ಸ್ಥಾನವೇ ಹೋಯಿತು. ಆತ ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಅಲೆದು, ಕಡೆಗೆ ಸೆಪ್ಟೆಂಬರ್ 30ರಂದು ಸರ್ವೋಚ್ಚ ನ್ಯಾಯಾಲಯವು ಸಂವಿಧಾನದ 142ನೆಯ ವಿಧಿಯ ವಿಶೇಷಾಧಿಕಾರವನ್ನು ಪ್ರಯೋಗಿಸಿ ಸ್ಥಾನವನ್ನು ಕೊಡಿಸಿತು. ಆ ತೀರ್ಪನ್ನು ಓದಿದ ದಿನ ನನಗೆ ಸಂತೋಷವೂ ವ್ಯಥೆಯೂ ಒಟ್ಟಿಗೆ ಆದುವು. ಹದಿನೇಳೂವರೆ ಸಾವಿರ ರೂಪಾಯಿಗಾಗಿ ದೇಶದ ಅತ್ಯುಚ್ಚ ನ್ಯಾಯಪೀಠದ ಮೆಟ್ಟಿಲನ್ನು ಹತ್ತಬಲ್ಲವರು ಎಷ್ಟು ಮಂದಿ? ಹತ್ತದೆಯೇ, ಪತ್ರವನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟು, ಮರುದಿನ ಕೂಲಿಗೆ ಹೋದವರ ಲೆಕ್ಕವನ್ನು ಯಾವ ಇಲಾಖೆಯೂ ಇಟ್ಟಿರುವುದಿಲ್ಲ.

ಹಣದ ಮಾತು ಹಾಗಿರಲಿ, ಹಣವನ್ನು ಕೇಳುವುದಕ್ಕೆ ಬೇಕಾದ ಕಾಗದಗಳ ಮಾತೇ ಒಂದು ಅಧ್ಯಾಯ. ನಾಡಕಚೇರಿಯಲ್ಲಿ ಜಾತಿ ಆದಾಯ ಪ್ರಮಾಣಪತ್ರ, ಅದರ ಆರ್‌ಡಿ ಸಂಖ್ಯೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ, ಆಧಾರಿನಲ್ಲಿರುವ ಹೆಸರಿಗೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರಿಗೂ ಒಂದಕ್ಷರದ ವ್ಯತ್ಯಾಸವಿದ್ದರೆ ಅದರ ತಿದ್ದುಪಡಿ, ಇವು ಗೊತ್ತಿದ್ದುವೇ. ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಇನ್ನೊಂದು ತೊಡಕು ಉಂಟು: ರಾಜ್ಯದ ಪ್ರವರ್ಗ 1, 2ಎ, 3ಎ ಮುಂತಾದ ವಿಂಗಡಣೆ ಬೇರೆ, ಕೇಂದ್ರದ ಪಟ್ಟಿ ಬೇರೆ, ಕೇಂದ್ರದ ಕೆನೆಪದರರಹಿತ ಪ್ರಮಾಣಪತ್ರದ ನಮೂನೆ ಬೇರೆ. ಈ ಭೇದವನ್ನು ಆತ ಅರಿಯುವುದು ಸಾಮಾನ್ಯವಾಗಿ ಸಂದರ್ಶನದ ದಿನ, ದಾಖಲೆ ಪರಿಶೀಲಿಸುವ ಮೇಜಿನ ಮುಂದೆ ನಿಂತಾಗ. ಮನೆಯಲ್ಲಿ ಒಬ್ಬರಾದರೂ ಇಂಥ ಸಂಸ್ಥೆಯಲ್ಲಿ ಓದಿದ್ದರೆ ಇವೆಲ್ಲ ಊಟದ ಹೊತ್ತಿನ ಮಾತಿನಲ್ಲಿಯೇ ಕಿವಿಗೆ ಬೀಳುತ್ತವೆ. ಪ್ರಾತಿನಿಧ್ಯವಿಲ್ಲದ ಸಮುದಾಯವೆಂದರೆ ಹಣವಿಲ್ಲದ ಸಮುದಾಯ ಮಾತ್ರವಲ್ಲ, ಹೇಳಿಕೊಡುವವರಿಲ್ಲದ ಸಮುದಾಯ.

ವಿದ್ಯೆಗೆ ನೆರವಾಗುವುದರಲ್ಲಿ ನಮ್ಮ ನಾಡು ಎಂದೂ ಹಿಂದೆ ಬಿದ್ದುದಲ್ಲ ಎಂದು ಹೆಮ್ಮೆಪಡುವವರುಂಟು. ಆ ಹೆಮ್ಮೆ ನನಗೂ ಇದೆ, ಆದರೆ ಅದರ ಮೇರೆಯನ್ನೂ ಅರಿತಿರಬೇಕು. ವಾರಾನ್ನದ ಪದ್ಧತಿ ಎಷ್ಟೋ ಮಂದಿ ವಿದ್ವಾಂಸರನ್ನು ಬೆಳಸಿತು. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಎಲೆ ಹಾಕಿಸಿಕೊಂಡು ಓದಿದವರು ದೊಡ್ಡ ದೊಡ್ಡ ಅಧಿಕಾರಗಳಿಗೇರಿದರು. ಆದರೆ ಆ ಎಲೆ ಯಾರಿಗೆ ಹಾಕಲ್ಪಡುತ್ತಿತ್ತು, ಯಾರಿಗೆ ಆ ಮನೆಗಳ ಅಂಗಳವೂ ನಿಷಿದ್ಧವಾಗಿತ್ತು ಎಂಬುದನ್ನು ವಿವರಿಸಬೇಕಾದುದಿಲ್ಲ. ಆ ಮೇರೆಯನ್ನು ದಾಟಲೆಂದೇ ಮಠಗಳೂ ಸಮುದಾಯದ ಸಂಘಗಳೂ ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆದುವು. ಆ ಕಾರಣಕ್ಕಾಗಿಯೇ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿದರು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದವರಿಗೆ ಪಾಲು ಸಿಕ್ಕಬೇಕಾದರೆ ಅವರ ವಿದ್ಯಾಭ್ಯಾಸಕ್ಕೂ ವಿಶೇಷ ಅನುಕೂಲಗಳು ಬೇಕು ಎಂಬುದನ್ನು ಮರುವರ್ಷದ ವರದಿ ಒಪ್ಪಿತು. ಹುದ್ದೆ ಬೇರೆಯಲ್ಲ, ವಿದ್ಯೆಯ ವೆಚ್ಚ ಬೇರೆಯಲ್ಲ ಎಂಬ ತಿಳಿವು ಈ ನೆಲಕ್ಕೆ ನೂರು ವರ್ಷಗಳಷ್ಟು ಹಳೆಯದು.

ಇನ್ನೊಂದು ನಿದರ್ಶನವು ಎಲ್ಲರೂ ಬಲ್ಲದ್ದೇ ಆದರೂ, ಅದರ ಕಾಲಕ್ರಮವನ್ನು ಗಮನಿಸಿದವರು ಕಡಮೆ. 1913ರ ಆರಂಭದಲ್ಲಿ ತಂದೆಯನ್ನು ಕಳೆದುಕೊಂಡಿದ್ದ ಯುವಕ ಭೀಮರಾವ್ ಅಂಬೇಡ್ಕರರು ಅದೇ ವರ್ಷದ ಜೂನ್ ತಿಂಗಳಿನಲ್ಲಿ ಬರೋಡಾ ಸಂಸ್ಥಾನದೊಡನೆ ಒಪ್ಪಂದಕ್ಕೆ ಸಹಿ ಹಾಕಿದರು. ಜುಲೈ ತಿಂಗಳಿನಲ್ಲಿ ನ್ಯೂಯಾರ್ಕ್ ನಗರದಲ್ಲಿದ್ದರು. ಮೂರು ವರ್ಷಗಳವರೆಗೆ ತಿಂಗಳಿಗೆ ಹನ್ನೊಂದೂವರೆ ಪೌಂಡ್. ಹಿಂದಿರುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ. ಷರತ್ತು ಕಠಿನವಾಗಿತ್ತು, ನಿಜ. ಆದರೆ ಹಣವು ಹಡಗು ಹತ್ತುವ ಮೊದಲೇ ನಿಶ್ಚಿತವಾಗಿತ್ತು. ಮೊದಲು ನಿನ್ನ ಖರ್ಚಿನಲ್ಲಿ ಅಮೆರಿಕಕ್ಕೆ ಹೋಗು, ರಸೀತಿಗಳನ್ನು ಕಳುಹಿಸು, ಪರಿಶೀಲಿಸಿ ಮರುಪಾವತಿ ಮಾಡುವೆವು ಎಂದು ಸಯಾಜಿರಾವ್ ಗಾಯಕವಾಡರು ಹೇಳಿದ್ದರೆ ಕೊಲಂಬಿಯ ವಿಶ್ವವಿದ್ಯಾಲಯದ ಗ್ರಂಥಾಲಯವು ಆ ವಿದ್ಯಾರ್ಥಿಯನ್ನು ಕಾಣುತ್ತಲೇ ಇರಲಿಲ್ಲ. ಆ ವೇತನ ಮುಗಿದಾಗ ಏನಾಯಿತೆಂಬುದನ್ನೂ ನೋಡಬೇಕು: 1917ರಲ್ಲಿ ಲಂಡನ್ನಿನ ವ್ಯಾಸಂಗವನ್ನು ಅರ್ಧಕ್ಕೆ ನಿಲ್ಲಿಸಿ ಅವರು ಹಿಂದಿರುಗಬೇಕಾಯಿತು, ಮುಂಬಯಿಯ ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರಾಗಿ ದುಡಿದು ಉಳಿಸಿದ ಹಣ, ಕೊಲ್ಲಾಪುರದ ಶಾಹು ಮಹಾರಾಜರ ನೆರವು, ಸ್ನೇಹಿತರೊಬ್ಬರಿಂದ ಪಡೆದ ಸಾಲ, ಇವು ಮೂರೂ ಕೂಡಿದ ಮೇಲೆ 1920ರಲ್ಲಿ ಮತ್ತೆ ಹೊರಟರು. ಅಷ್ಟು ದೊಡ್ಡ ಮೇಧಾವಿಯ ಓದಿನಲ್ಲಿಯೂ ಹಣದ ಅಭಾವವು ಮೂರು ವರ್ಷಗಳನ್ನು ನುಂಗಿತು. ದೇಶದ ಪ್ರಾಚೀನ ವಾಣಿಜ್ಯ ಕಾಲೇಜಿನಲ್ಲಿ ಕಲಿಸಿದವರು ಅವರು ಎಂಬ ಸಂಗತಿಯನ್ನು, ವ್ಯಾಪಾರ ವ್ಯವಹಾರಗಳ ವಿದ್ಯೆ ತಮ್ಮದಲ್ಲವೆಂದು ಹಿಂಜರಿಯುವ ಮಕ್ಕಳಿಗೆ ನಾನು ಮತ್ತೆ ಮತ್ತೆ ಹೇಳುತ್ತೇನೆ.

ಆ ಹಿಂಜರಿಕೆಗೆ ಆಧಾರವಿಲ್ಲವೆಂದಲ್ಲ. 2012ರಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತದ ಸಾವಿರ ದೊಡ್ಡ ಕಂಪನಿಗಳ ನಿರ್ದೇಶಕ ಮಂಡಳಿಗಳನ್ನು ಪರಿಶೀಲಿಸಿ, ಅವುಗಳ ಸದಸ್ಯರಲ್ಲಿ ಸುಮಾರು ಶೇಕಡ 93ರಷ್ಟು ಮಂದಿ ಮುಂದುವರಿದ ಜಾತಿಗಳವರೆಂದೂ, ಪರಿಶಿಷ್ಟ ಜಾತಿ ಪಂಗಡಗಳೆರಡೂ ಸೇರಿ ಶೇಕಡ 3.5 ಮಾತ್ರವೆಂದೂ ಕಂಡುಕೊಂಡಿತು. ವಿಧಾನಸೌಧದಲ್ಲಿ ಮೀಸಲಾತಿಯಿದೆ, ಸಚಿವಾಲಯದಲ್ಲಿದೆ. ಸಾಲವನ್ನು ಯಾರಿಗೆ ಕೊಡಬೇಕು, ಕಾರ್ಖಾನೆಯನ್ನು ಎಲ್ಲಿ ಕಟ್ಟಬೇಕು, ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂಬುದು ನಿರ್ಧಾರವಾಗುವ ಆ ಮೇಜಿನ ಸುತ್ತ ಇಲ್ಲ. ಅಲ್ಲಿ ಶಾಸನದಿಂದ ಸ್ಥಾನವನ್ನು ಕಲ್ಪಿಸಬೇಕೇ ಬೇಡವೇ ಎಂಬುದು ಬೇರೆಯ ಚರ್ಚೆ. ಅಲ್ಲಿಗೆ ಹೋಗುವ ದಾರಿಗಳಲ್ಲಿ ನಿರ್ವಹಣಾ ವಿದ್ಯಾಸಂಸ್ಥೆ ಮುಖ್ಯವಾದುದೊಂದು ಎಂಬುದರಲ್ಲಿ ಮಾತ್ರ ಚರ್ಚೆಗೆ ಎಡೆಯಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದನ್ನು ಲಘುವಾಗಿ ಕಾಣತಕ್ಕದ್ದಲ್ಲ. ಎಂಬಿಎ ಮುಗಿಸಿದವರಿಗೆ ವರ್ಷಕ್ಕೆ ಹತ್ತಾರು ಲಕ್ಷಗಳ ಸಂಬಳ ಬರುತ್ತದಲ್ಲ, ಸಾಲ ಮಾಡಿ ಓದಲಿ, ದುಡಿದು ತೀರಿಸಲಿ. ಸರ್ಕಾರದ ಹಣ ಪ್ರಾಥಮಿಕ ಶಾಲೆಗೆ ಹೋಗಲಿ ಎನ್ನುವವರಲ್ಲಿ ನನ್ನ ಗೌರವಕ್ಕೆ ಪಾತ್ರರಾದವರೂ ಇದ್ದಾರೆ. ಸಾಲ ಸುಲಭವಾಗಿದೆ ಎಂಬುದೂ ಒಂದು ಮಟ್ಟಿಗೆ ನಿಜ: 2024ರ ನವೆಂಬರಿನಲ್ಲಿ ಅಂಗೀಕೃತವಾದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಶ್ರೇಷ್ಠ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಅಡಮಾನವಿಲ್ಲದೆ, ಜಾಮೀನುದಾರರಿಲ್ಲದೆ ಸಾಲ ದೊರೆಯುತ್ತದೆ, ಎಂಟು ಲಕ್ಷದೊಳಗಿನ ಆದಾಯದವರಿಗೆ ಹತ್ತು ಲಕ್ಷದವರೆಗಿನ ಸಾಲದ ಮೇಲೆ ಶೇಕಡ 3ರ ಬಡ್ಡಿ ರಿಯಾಯಿತಿಯೂ ಉಂಟು. ಒಳ್ಳೆಯ ಯೋಜನೆ. ಆದರೆ ಶುಲ್ಕ ಇಪ್ಪತ್ತು ಲಕ್ಷಕ್ಕೂ ಮಿಗಿಲು, ರಿಯಾಯಿತಿ ಹತ್ತು ಲಕ್ಷಕ್ಕೆ. ಮೇಲಾಗಿ ಇಪ್ಪತ್ತು ಲಕ್ಷದ ಸಾಲವೆಂಬುದು ಇಬ್ಬರು ವಿದ್ಯಾರ್ಥಿಗಳ ಪಾಲಿಗೆ ಒಂದೇ ಪದಾರ್ಥವಲ್ಲ. ನಗರದಲ್ಲಿ ಸ್ವಂತ ಮನೆಯಿರುವ ತಂದೆಯ ಮಗನಿಗೆ ಅದು ನಾಲ್ಕು ವರ್ಷದ ಕಂತು. ಮೂಟೆ ಹೊರುವವನ ಮಗಳಿಗೆ, ತಂದೆಯ ಬೆನ್ನು ಇನ್ನೆಷ್ಟು ವರ್ಷ ತಡೆಯುತ್ತದೆ, ತಮ್ಮನ ಓದು ಏನಾಗುತ್ತದೆ, ಒಂದು ವರ್ಷ ಉದ್ಯೋಗ ಕೈತಪ್ಪಿದರೆ ಮನೆಯೇ ಏನಾಗುತ್ತದೆ ಎಂಬ ಪ್ರಶ್ನೆಗಳೊಡನೆ ಬರುವ ಭಾರ. ಅಂಥವರು ಓದಿ ಮುಗಿಸಿದ ಮೇಲೆ ಹೆಚ್ಚಿನ ಸಂಬಳದ ಮೊದಲ ಕೆಲಸವನ್ನು ಹಿಡಿಯಲೇಬೇಕು. ಊರಿಗೆ ಹಿಂದಿರುಗಿ ಒಂದು ಉದ್ಯಮವನ್ನು ಕಟ್ಟುವ, ರೈತರ ಉತ್ಪಾದಕ ಕಂಪನಿಯೊಂದನ್ನು ನಡೆಸುವ ಸ್ವಾತಂತ್ರ್ಯ ಅವರಿಗಿರುವುದಿಲ್ಲ. ದುಡಿಯಲಾರಂಭಿಸಿದ ಮೇಲೆ, ಗಳಿಕೆ ಒಂದು ಮಟ್ಟವನ್ನು ದಾಟಿದ ಮೇಲೆ, ಪಡೆದುದರಲ್ಲಿ ಒಂದು ಪಾಲನ್ನು ಮುಂದಿನವರಿಗಾಗಿ ಹಿಂದಿರುಗಿಸಬೇಕೆಂದು ಷರತ್ತು ಹಾಕಿದರೆ ನಾನು ಒಪ್ಪುತ್ತೇನೆ. ಬರೋಡಾದ ಷರತ್ತೂ ಆ ಬಗೆಯದೇ. ಷರತ್ತು ಮುಂದಿರಲಿ, ಹಣ ಮೊದಲಿರಲಿ.

ಈಗ ವಿದ್ಯಾರ್ಥಿಗಳಿಗೇ ಒಂದು ಮಾತು. ಸರ್ಕಾರದ ಹೊರಗೆ ಕಂಪನಿಗಳು, ಪ್ರತಿಷ್ಠಾನಗಳು, ವಿದ್ಯಾಸಂಸ್ಥೆಗಳೇ ಕೊಡುವ ವೇತನಗಳು ಕೆಲವುಂಟು. ಅವುಗಳಿಗಾಗಿ ಒಂದು ಪ್ರಬಂಧವನ್ನು ಬರೆಯಬೇಕಾಗುತ್ತದೆ: ನೀವು ಯಾರು, ನಿಮಗೇಕೆ ಈ ನೆರವು ಬೇಕು. ಇಂಥ ಪ್ರಬಂಧಗಳ ಕರಡುಗಳನ್ನು ನಾನು ಬಹಳ ಓದಿದ್ದೇನೆ, ತಿದ್ದಿದ್ದೇನೆ. ಹೆಚ್ಚಿನವುಗಳಲ್ಲಿ ಸೋರುವ ಮಾಳಿಗೆ, ಅರ್ಧಹೊಟ್ಟೆಯ ರಾತ್ರಿಗಳು, ತಾಯಿಯ ಕಾಯಿಲೆ. ಎಲ್ಲವೂ ನಿಜವೇ. ಆದರೆ ತನ್ನ ದುಃಖವನ್ನು ಮಾರಾಟಕ್ಕೆ ಇಟ್ಟಂತೆ ಬರೆಯಬೇಕಾದ ಒತ್ತಡವಿದೆಯಲ್ಲ, ಅದು ಇಪ್ಪತ್ತೆರಡು ವರ್ಷದ ಮನಸ್ಸಿನ ಮೇಲೆ ಮಾಡುವ ಗಾಯ ಸಣ್ಣದಲ್ಲ. ಎಷ್ಟೋ ಸಲ ಆ ಬರಹ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ವ್ಯರ್ಥವೂ ಆಗುತ್ತದೆ, ಏಕೆಂದರೆ ಓದುವವರ ಮುಂದೆ ಅಂಥವೇ ನೂರು ಕಾಗದಗಳಿರುತ್ತವೆ. ಆ ಹುಡುಗಿಯೂ ಮೊದಲು ಹಾಗೆಯೇ ಬರೆದಿದ್ದಳು. ಲೆಕ್ಕದ ಪುಸ್ತಕದ ವಿಷಯ ಏಕೆ ಬರೆಯಲಿಲ್ಲವೆಂದು ಕೇಳಿದೆ. “ಅದೇನು ಸಾರ್, ಅದೂ ಒಂದು ಸಾಧನೆಯೇ?” ಎಂದಳು. ಓದುಬಾರದ ಅಷ್ಟು ಮಂದಿ ದುಡಿಮೆಗಾರರ ನಂಬಿಕೆಯನ್ನು ಗಳಿಸಿ, ಎಂಟು ವರ್ಷಗಳ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪದಂತೆ ಇಟ್ಟು, ಮಂಡಿಯವರೊಡನೆ ಕುಳಿತು ಕೂಲಿಯ ದರವನ್ನು ಎರಡು ಸಲ ಹೆಚ್ಚಿಸಿಕೊಂಡದ್ದಕ್ಕಿಂತ ದೊಡ್ಡ ನಿರ್ವಹಣೆ ಯಾವುದು? ಬಡತನವನ್ನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಿ. ಮಾಡಿದ ಕೆಲಸವನ್ನು ಅಂಕಿಗಳೊಡನೆ, ವಿವರವಾಗಿ, ತಲೆಯೆತ್ತಿ ಬರೆಯಿರಿ. ಅರ್ಜಿ ಹಾಕಲು ಸಂಕೋಚಪಡಬೇಡಿ. ಕೊಡುವವರಿಗೂ ನನ್ನ ವಿನಂತಿ ಒಂದುಂಟು: ವೇತನ ಪಡೆದ ಮಕ್ಕಳನ್ನು ವೇದಿಕೆಯ ಮೇಲೆ ನಿಲ್ಲಿಸಿ, ದೊಡ್ಡ ರಟ್ಟಿನ ಚೆಕ್ಕನ್ನು ಹಿಡಿಸಿ, ಪಟ ತೆಗೆಯಿಸುವುದನ್ನು ದಯವಿಟ್ಟು ಬಿಡಿ.

ಬೇರೆಯ ದೇಶದವರು ಈ ಸಮಸ್ಯೆಯನ್ನು ಹೇಗೆ ಕಂಡರೆಂಬುದೂ ವಿಚಾರಾರ್ಹ. ಅಮೆರಿಕದಲ್ಲಿ 1966ರಲ್ಲಿ ಸೇಂಟ್ ಲೂಯಿಯ ವಾಷಿಂಗ್‌ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಟರ್ಲಿಂಗ್ ಶೋನ್ ಅವರ ಪ್ರಯತ್ನದಿಂದ ಮೂರು ವಿಶ್ವವಿದ್ಯಾಲಯಗಳು ಕೂಡಿ, ವ್ಯಾಪಾರ ಜಗತ್ತಿನ ಮೇಲಿನ ಹುದ್ದೆಗಳಿಂದ ದೂರವಿಡಲ್ಪಟ್ಟಿದ್ದ ಕರಿಯ ಜನಾಂಗದ ಯುವಕರನ್ನು ಪೂರ್ಣ ವೇತನ ಕೊಟ್ಟು ಓದಿಸುವ ಒಕ್ಕೂಟವೊಂದನ್ನು ಸ್ಥಾಪಿಸಿದುವು. ಮರುವರ್ಷ ಸೇರಿದವರು 21 ಮಂದಿ. ಆಮೇಲೆ ಸ್ತ್ರೀಯರಿಗೂ ಇತರ ಅಲ್ಪಸಂಖ್ಯಾತರಿಗೂ ಅವಕಾಶ ವಿಸ್ತರಿಸಿತು. ಇಂದು ಇಪ್ಪತ್ತಕ್ಕೂ ಹೆಚ್ಚು ವಿದ್ಯಾಸಂಸ್ಥೆಗಳು ಅದರಲ್ಲಿವೆ. 2023ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ತಡೆದುದರಿಂದ ಅಂಥ ಪ್ರಯತ್ನಗಳೆಲ್ಲ ಕಷ್ಟದ ಕಾಲವನ್ನು ಎದುರಿಸುತ್ತಿವೆ. ಆ ವೇತನ ಅಮೆರಿಕದ ಪ್ರಜೆಗಳಿಗೂ ಅಲ್ಲಿಯ ಶಾಶ್ವತ ನಿವಾಸಿಗಳಿಗೂ ಮಾತ್ರ ಸಲ್ಲುವುದಾದ್ದರಿಂದ ಇಲ್ಲಿಂದ ಹೋಗುವ ನಮ್ಮ ಮಕ್ಕಳಿಗೆ ಅದರಿಂದ ನೇರವಾದ ಪ್ರಯೋಜನವಿಲ್ಲ. ನಾವು ಕಲಿಯಬೇಕಾದುದು ಅದರ ವಿಧಾನವನ್ನು: ವಿದ್ಯಾರ್ಥಿ ಒಂದೇ ಅರ್ಜಿಯಿಂದ ಆರು ಸಂಸ್ಥೆಗಳವರೆಗೆ ಪ್ರವೇಶವನ್ನೂ ವೇತನವನ್ನೂ ಒಟ್ಟಿಗೆ ಕೇಳುತ್ತಾನೆ, ಅವನು ಒಂದು ಕಚೇರಿಯಲ್ಲಿ ಬುದ್ಧಿಯನ್ನೂ ಇನ್ನೊಂದು ಕಚೇರಿಯಲ್ಲಿ ಬಡತನವನ್ನೂ ಬೇರೆ ಬೇರೆಯಾಗಿ ರುಜುವಾತುಪಡಿಸಬೇಕಾಗಿಲ್ಲ.

ನಮ್ಮಲ್ಲಿ ವಿದೇಶ ವ್ಯಾಸಂಗಕ್ಕೆಂದು 1954ರಿಂದ ನಡೆದುಬಂದಿರುವ ರಾಷ್ಟ್ರೀಯ ವೇತನ ಯೋಜನೆಯಲ್ಲಿ 2025ರ ಸಾಲಿಗೆ 106 ಮಂದಿ ಆಯ್ಕೆಯಾದರು. ಮೊದಲಿಗೆ 40 ಮಂದಿಗೆ ಮಾತ್ರ ತಾತ್ಕಾಲಿಕ ಮಂಜೂರಾತಿ ಪತ್ರಗಳು ಹೋದುವು, ಉಳಿದವರಿಗೆ ಹಣದ ಲಭ್ಯತೆಯನ್ನು ನೋಡಿಕೊಂಡು ಎಂಬ ಉತ್ತರ ಬಂದಿತು. ಪರದೇಶದ ವಿಶ್ವವಿದ್ಯಾಲಯವೊಂದು ಸೆಪ್ಟೆಂಬರಿನಲ್ಲಿ ಬಾಗಿಲು ತೆರೆಯುವಾಗ ಜುಲೈ ತಿಂಗಳಲ್ಲಿ ಬಂದ ಈ ಉತ್ತರವನ್ನು ಹಿಡಿದುಕೊಂಡು ಆ ಯುವಕ ಯುವತಿಯರು ವೀಸಾ ಕಚೇರಿಯ ಮುಂದೆ ಏನೆಂದು ಹೇಳಬೇಕಾಗಿತ್ತು?

ಕರ್ನಾಟಕ ಸರ್ಕಾರವು ಮಾಡಬಹುದಾದುದು ಅಸಾಧ್ಯವಾದುದೇನೂ ಅಲ್ಲ. ನೂರು ಮಂದಿ ವಿದ್ಯಾರ್ಥಿಗಳಿಗೆ ತಲಾ ಇಪ್ಪತ್ತೈದು ಲಕ್ಷದಂತೆ ಪೂರ್ಣವಾಗಿ ಕೊಟ್ಟರೂ ಆಗುವ ವೆಚ್ಚ 25 ಕೋಟಿ. 2013ರ ನಮ್ಮ ಶಾಸನದಂತೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಉಪಯೋಜನೆಗಳಿಗೆ 2024–25ರ ಒಂದೇ ವರ್ಷದಲ್ಲಿ ನಿಗದಿಯಾದ ಮೊತ್ತ 39 ಸಾವಿರ ಕೋಟಿಗೂ ಮಿಗಿಲು. ಕೇಂದ್ರದ ವೇತನ ಬಂದಮೇಲೆ ಹಿಂದಕ್ಕೆ ಪಡೆಯುವ ಏರ್ಪಾಡಿನೊಡನೆ, ಶುಲ್ಕದ ಮೊದಲ ಕಂತನ್ನು ರಾಜ್ಯವೇ ನೇರವಾಗಿ ಸಂಸ್ಥೆಗೆ ಸಲ್ಲಿಸುವ ಒಂದು ಮುಂಗಡ ನಿಧಿಯನ್ನು ಸ್ಥಾಪಿಸಿದರೆ ನಿಜವಾದ ಖರ್ಚು ಅದರ ಒಂದಂಶ ಮಾತ್ರ. ಹಿಂದುಳಿದ ವರ್ಗಗಳ, ಅಲ್ಪಸಂಖ್ಯಾತರ ಮಕ್ಕಳಿಗೂ ಅದೇ ನಿಧಿ ತೆರೆದಿರಲಿ. 2013ರ ಕಂಪನಿ ಕಾಯಿದೆಯಂತೆ ಲಾಭದ ಶೇಕಡ ಎರಡನ್ನು ಸಮಾಜಕ್ಕಾಗಿ ವೆಚ್ಚ ಮಾಡಬೇಕಾದ ದೊಡ್ಡ ಉದ್ಯಮಗಳು ಬೆಂಗಳೂರಿನಲ್ಲಿಯೇ ಎಷ್ಟಿವೆ! ನಾಳೆ ಈ ಪದವೀಧರರನ್ನು ನೇಮಿಸಿಕೊಳ್ಳತಕ್ಕವು ಅವೇ. ಇಂದು ಅವರ ಊಟ ವಸತಿಯ ವೆಚ್ಚವನ್ನು ವಹಿಸಲಿ. ಸಂಸ್ಥೆಗಳವರೂ ಒಂದು ಕೆಲಸ ಮಾಡಬಹುದು: ವೇತನಕ್ಕೆ ಅರ್ಹರೆಂದು ದಾಖಲೆಯಿಂದ ಕಾಣುವವರಿಗೆ ಹಣ ಬರುವವರೆಗೆ ಸ್ಥಾನವನ್ನು ಕಾಯ್ದಿರಿಸುವುದು.

ಆ ಹನ್ನೊಂದು ದಿನಗಳಲ್ಲಿ ಏನಾಯಿತೆಂಬುದನ್ನು ಹೇಳಬೇಕು. ತಾಯಿಯ ಓಲೆ ಅಡವಿಗೆ ಹೋಯಿತು, ಸ್ತ್ರೀಶಕ್ತಿ ಸಂಘದವರು ಸಾಲ ಕೊಟ್ಟರು, ಬ್ಯಾಂಕೊಂದರ ವ್ಯವಸ್ಥಾಪಕರು ತಂದೆಯ ಮೂರು ವರ್ಷದ ಆದಾಯ ತೆರಿಗೆಯ ವಿವರಗಳನ್ನು ಕೇಳಿದರು. ಕಡೆಗೆ ಯಾರ್ಡಿನ ಹಮಾಲರು ಒಬ್ಬೊಬ್ಬರೂ ಒಂದೊಂದು ವಾರದ ಕೂಲಿಯನ್ನು ತಂದುಕೊಟ್ಟರು. ಆ ಕೊಡುಗೆಯನ್ನೂ ಆಕೆ ಅದೇ ಪುಸ್ತಕದಲ್ಲಿ ಹೆಸರು ಹೆಸರಾಗಿ ಬರೆದುಕೊಂಡಳು. ಹಣ ಸಲ್ಲಿದ್ದು ಗಡುವಿನ ದಿನದ ಮಧ್ಯಾಹ್ನ. ಸರ್ಕಾರದ ವಿದ್ಯಾರ್ಥಿವೇತನ ಆಕೆಯ ಖಾತೆಗೆ ಬಂದುದು ಮರುವರ್ಷದ ಮಾರ್ಚಿಯಲ್ಲಿ.

ಕ್ಯಾಟ್ ಪರೀಕ್ಷೆ ನಡೆಯುವುದು ನವೆಂಬರಿನ ಕಡೆಯ ಭಾನುವಾರ. ಫಲಿತಾಂಶ, ಸಂದರ್ಶನಗಳೆಲ್ಲ ಮುಗಿದು ಪ್ರವೇಶಪತ್ರಗಳು ಹೊರಡುವುದು ಏಪ್ರಿಲ್ ಮೇ ತಿಂಗಳುಗಳಲ್ಲಿ. ನಡುವೆ ಐದು ತಿಂಗಳಿವೆ. ರಾಜ್ಯದ ಆಯವ್ಯಯ ಮಂಡನೆಯಾಗುವುದೂ ಆ ಅವಧಿಯಲ್ಲಿಯೇ. ಪರೀಕ್ಷೆಗೆ ಅರ್ಜಿ ಹಾಕಿದ ದಿನವೇ ವೇತನದ ಅರ್ಜಿಯನ್ನೂ ಸ್ವೀಕರಿಸಿ, ಈ ಐದು ತಿಂಗಳಲ್ಲಿ ದಾಖಲೆಗಳನ್ನು ಪರಿಶೀಲಿಸಿ, ಪ್ರವೇಶಪತ್ರದೊಡನೆ ಹಣದ ಪತ್ರವನ್ನೂ ಕಳುಹಿಸುವ ಏರ್ಪಾಡನ್ನು ಬರುವ ಆಯವ್ಯಯದಲ್ಲಿಯೇ ಪ್ರಕಟಿಸಬೇಕೆಂದು ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ಮಂತ್ರಿಗಳಲ್ಲಿ ನಾನು ಪ್ರಾರ್ಥಿಸುತ್ತೇನೆ.